ಅಟ್ಟಕ್ಕೇರಿದ ಬಾಟಲಿಗಳು

ಶುಕ್ರವಾರ, ಬೆಳಿಗ್ಗೆ ಐದೂವರೆ ಗಂಟೆ. ಸ್ಥಳ, ನಮ್ಮ ಮನೆಯ ಹಿತ್ತಿಲ ಕೊಟ್ಟಿಗೆ. ಅಲ್ಲಿದ್ದವರು ಅಪ್ಪನ ತಂಗಿ ಸರೋಜತ್ತೆ, ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದ ನಾನು, ತೆಂಗಿನ ಗರಿಯ ತಡಿಕೆಯ ಆಚೆಗೆ ನಮ್ಮ ಎಮ್ಮೆ, ಅದರ ಹಾಲು ಕರೆಯುತ್ತಿದ್ದ ಅಜ್ಜಿ. ತಾರೀಖು ನೆನಪಿಲ್ಲ. ವಾರ ಮಾತ್ರ ಮರೆಯುವಂತಿಲ್ಲ, ಏಕೆಂದರೆ ಶುಕ್ರವಾರ ಅಜ್ಜಿ ಎಲ್ಲರಿಗಿಂತ ಮೊದಲೆದ್ದು ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದಳು. ಅವಳ ಬೆರಳಿನ ಆ ಹಳದಿಯನ್ನು ಅವತ್ತು ಇಡೀ ದಿನ ಎಲ್ಲೆಲ್ಲೋ ನೋಡಿದ್ದೇನೆ. ಅತ್ತೆ ಹಿಂದಿನ ದಿನ ಕತ್ತಲಾದ ಮೇಲೆ ಕೊನೆಯ ಬಸ್ಸಿಗೆ ತುಮಕೂರಿನಿಂದ ಬಂದಿದ್ದಳು. ತಾನು ಮಾಡಿದ ಬಾಟಲಿಗಳಿಗೆ ಮುಚ್ಚಳ ತರಲು ಸೋಮವಾರ ಹೋದವಳು, ಅಲ್ಲಿ ಬಾಟಲಿ ಮಷೀನಿನ ಅಚ್ಚಿನ ರಿಪೇರಿಯೂ ಸೇರಿಕೊಂಡು, ಗೆಳತಿಯ ಮನೆಯಲ್ಲಿ ಉಳಿದುಬಿಟ್ಟಿದ್ದಳು. ಈಗ ಮುಚ್ಚಳದ ಗಂಟನ್ನು ಕಂಕುಳಲ್ಲಿಟ್ಟುಕೊಂಡು, ಬಾಟಲಿ ಚೀಲಗಳಿದ್ದ ಮೂಲೆಯ ಖಾಲಿ ನೆಲವನ್ನು ನೋಡುತ್ತ ನಿಂತಿದ್ದಳು.

"ಲಲ್ತಿ, ಚೀಲ ಎಲ್ಲಿ ಮಗಾ?"

"ಅಜ್ಜಿ ಮ್ಯಾಲಿಕ್ಸೈತೆ."

"ಮ್ಯಾಲೆ ಅಂದ್ರೆ?"

"ಅಟ್ಟದ ಮ್ಯಾಲೆ. ನೀನು ತುಮ್ಕೂರಿಗೆ ಹೋದ ದಿನಾನೇ."

"ಈ ವಾರ ಹೊಗೆ ಹಾಕಿದ್ರಾ?"

"ದಿನಾ" ಎಂದೆ. ಅತ್ತೆ ಮಷೀನಿನ ಹಲಗೆಯ ಮೇಲೆ ಹಾಗೇ ಕುಳಿತುಬಿಟ್ಟಳು.

ನಮ್ಮ ಕಡೆ ಮನೆ ಕಟ್ಟುವವರು ಮೊದಲು ಅಟ್ಟ ಎಷ್ಟು ದೊಡ್ಡದಿರಬೇಕೆಂದು ಯೋಚಿಸುತ್ತಾರೆ, ಮನುಷ್ಯರಿಗೆ ಜಾಗ ಆಮೇಲೆ. ಚಿಕ್ಕನಾಯಕನಹಳ್ಳಿಗೂ ಶೆಟ್ಟಿಕೆರೆಗೂ ನಡುವೆ ತೋಟದೊಳಗಿದ್ದ ನಮ್ಮ ಮನೆಯೂ ಹಾಗೆಯೇ ಇತ್ತು. ನಡುಮನೆಯಲ್ಲಿ ಎತ್ತರದ ಆಳು ನೆಟ್ಟಗೆ ನಿಂತರೆ ತಲೆಗೆ ಅಟ್ಟದ ತೊಲೆ ತಗಲುತ್ತಿತ್ತು. ಬಲಿತ ತೆಂಗಿನಕಾಯಿ ಸಿಪ್ಪೆ ಸಮೇತ ಅಟ್ಟ ಸೇರಿದರೆ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ. ಗಾಳಿಯಲ್ಲಿ ತೇವ ಹೆಚ್ಚಾದಾಗ ಕೆಳಗೆ ಒಣಸಿಪ್ಪೆ ಸುಟ್ಟು ಹೊಗೆ ಹಾಕುತ್ತಿದ್ದರು. ಕಾಯೊಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎಂದಾಗ ಅದು ಉಂಡೆ ಕೊಬ್ಬರಿ. ಮನೆಗೆ ವರ್ಷದ ಬಟ್ಟೆ, ಉಪ್ಪು, ನನ್ನ ಸ್ಲೇಟು, ಎಲ್ಲವೂ ಇಳಿದದ್ದು ಆ ಅಟ್ಟದಿಂದ. ಹೀಗಾಗಿ ಅಜ್ಜಿ ಒಂದು ಕಟ್ಟುಪಾಡು ಮಾಡಿದ್ದಳು. ಮಾರಾಟಕ್ಕೆ ಹೋಗುವ ಯಾವುದೇ ವಸ್ತು ಮೂರು ರಾತ್ರಿಯಾದರೂ ಕಾಯಿಗಳ ಜೊತೆ ಅಟ್ಟದಲ್ಲಿ ಮಲಗಿ ಆಮೇಲೆ ಹೊಸ್ತಿಲು ದಾಟಬೇಕು. ಹುಣಸೆಹಣ್ಣು, ಹುರುಳಿ, ಎಳ್ಳು ಎಲ್ಲವೂ ಏಣಿ ಹತ್ತಿ ಇಳಿದವು. ಒಮ್ಮೆ ಅಪ್ಪ ತನ್ನ ಹಳೆಯ ಸೈಕಲ್ಲನ್ನು ಮಾರಲು ಹೊರಟಾಗ, ಅದನ್ನೂ ಹಗ್ಗ ಕಟ್ಟಿ ಮೇಲಕ್ಕೆಳೆಯಬೇಕಾಯಿತು. ಮೂರು ರಾತ್ರಿ ಕಳೆದು ಇಳಿಸಿದಾಗ ಸೀಟಿನ ಮೇಲೆ ಬೆಕ್ಕು ಮರಿ ಹಾಕಿತ್ತು.

ಅಜ್ಜಿಯ ಮನೆಯಲ್ಲಿ ಪ್ರತಿ ಕೆಲಸಕ್ಕೂ ಹೊತ್ತು ಗೊತ್ತಾಗಿತ್ತು. ಗೋಡೆ ಗಡಿಯಾರ ಕೆಟ್ಟು ನಿಂತಿದ್ದರೂ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಕಸ, ಹಾಲು, ಒಲೆ, ಸ್ನಾನ, ತಿಂಡಿ, ಒಂದಾದ ಮೇಲೆ ಒಂದು. ಹಿಂದಿನದು ಮುಗಿಯದೆ ಮುಂದಿನದಕ್ಕೆ ಕೈ ಹಾಕುವಂತಿರಲಿಲ್ಲ. ಮುಂದೆ ನಾನು ಹೆಣ್ಣುಮಕ್ಕಳ ಹಾಸ್ಟೆಲ್ಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ, ಬೆಳಗಿನ ಗಂಟೆ ಬಾರಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹುಡುಗಿಯರು ಹಿಂದಿನಿಂದ ಏನೇನು ಹೆಸರಿಟ್ಟಿದ್ದರೋ, ಅವು ನಿಜವಾಗಿ ನಮ್ಮ ಅಜ್ಜಿಗೆ ಸೇರಬೇಕಾದವು.

ಇಂಥ ಮನೆಗೆ ಸರೋಜತ್ತೆ ಮಷೀನಿನ ಸಮೇತ ಬಂದಳು. ಅವಳನ್ನು ತುರುವೇಕೆರೆ ಕಡೆಗೆ ಕೊಟ್ಟಿದ್ದರು. ಮಾವ ತುಮಕೂರಿನ ಒಂದು ಓಣಿಯಲ್ಲಿ ಬಾಡಿಗೆ ಶೆಡ್ಡು ಹಿಡಿದು ಪ್ಲಾಸ್ಟಿಕ್ ಬಾಟಲಿ ಮಾಡುತ್ತಿದ್ದರು. ಅತ್ತೆ ಮೊದಮೊದಲು ಅವರಿಗೆ ಬುತ್ತಿ ಕೊಡಲು ಹೋಗಿ, ಆಮೇಲೆ ಬಾಟಲಿಯ ಅಂಚು ಕತ್ತರಿಸಲು ಕುಳಿತು, ಕೊನೆಗೆ ಮಷೀನಿನ ಮುಂದೆಯೇ ನಿಂತಳು. ಮಾವ ಜ್ವರದಲ್ಲಿ ತೀರಿಕೊಂಡ ಮೇಲೆ ಗಂಡನ ಮನೆಯವರು ತಮ್ಮ ಊರಿಗೆ ಬಂದಿರಲು ಹೇಳಿದರು. ಅಲ್ಲಿ ಮೈದುನನ ತುಂಬು ಸಂಸಾರವಿತ್ತು. ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ಅವಳು ಆ ಮನೆಯ ಒಲೆ, ಕೊಟ್ಟಿಗೆ, ಮಕ್ಕಳನ್ನು ನೋಡಿಕೊಂಡು ಕೈಚಾಚಿ ಉಣ್ಣಬೇಕಾಗಿತ್ತು. ಅತ್ತೆ ಲಾರಿಯೊಂದನ್ನು ಗೊತ್ತು ಮಾಡಿ, ಡ್ರೈವರಿನ ಪಕ್ಕ ಕುಳಿತು, ನೇರ ತವರಿಗೆ ಬಂದಿಳಿದಳು.

"ಇದೇನೇ ಇದು?" ಎಂದಳು ಅಜ್ಜಿ, ಲಾರಿಯ ಹಿಂಬದಿ ನೋಡಿ.

"ಮಷೀನು ಕಣವ್ವ."

"ನಿನ್ನ ಟ್ರಂಕು?"

"ಅದ್ರಡಿಗೆ ಸಿಕ್ಕಂಡೈತೆ."

ಕೊಟ್ಟಿಗೆಯಲ್ಲಿ ಅರ್ಧ ಜಾಗವನ್ನು ಎಮ್ಮೆ ಬಿಟ್ಟುಕೊಟ್ಟಿತು. ಅದಕ್ಕೆ ಮನಸ್ಸಿರಲಿಲ್ಲ. ಗಾಳಿ ತುಂಬುವ ಕಂಪ್ರೆಸರು ಮೊದಲ ಸಲ ಡಗಡಗ ಎಂದ ದಿನ ಅದು ಹಾಲನ್ನೇ ಇಳಿಸಲಿಲ್ಲ. ಅಜ್ಜಿ ಅದನ್ನು ಮನುಷ್ಯರ ಜಗಳದಂತೆ ಬಗೆಹರಿಸಿದಳು. ಹಾಲು ಕರೆದಾಗುವವರೆಗೆ ಮಷೀನಿನ ಸ್ವಿಚ್ಚು ಮುಟ್ಟುವಂತಿಲ್ಲ, ಹಾಲು ಕರೆದ ಮೇಲೆ ಎಮ್ಮೆ ದೂರು ಹೇಳುವಂತಿಲ್ಲ.

ಮಷೀನು ನೋಡಲು ಅಂಥ ದೊಡ್ಡದೇನಲ್ಲ, ನಮ್ಮೂರ ಹಿಟ್ಟಿನ ಗಿರಣಿಗಿಂತ ಚಿಕ್ಕದು. ಮೇಲಿನ ಬಾನಿಗೆ ಸಬ್ಬಕ್ಕಿಯಂಥ ಬಿಳಿ ಪ್ಲಾಸ್ಟಿಕ್ ಕಾಳು ಸುರಿಯಬೇಕು. ಅವು ಕೆಳಗಿನ ದಪ್ಪ ಕಬ್ಬಿಣದ ಕೊಳವೆಗೆ ಇಳಿದು, ಸುತ್ತ ಕಟ್ಟಿದ ಹೀಟರಿನ ಕಾವಿಗೆ ಕರಗಿ ಪಾಕವಾಗುತ್ತವೆ. ಉದ್ದನೆಯ ಹಿಡಿ ಹಿಡಿದು ಕೆಳಕ್ಕೆಳೆದರೆ ಆ ಪಾಕ ಮೂತಿಯಿಂದ ಇಳಿಯುತ್ತದೆ. ಗಟ್ಟಿಯಾಗಿ ಅಲ್ಲ, ಒಳಗೆ ಟೊಳ್ಳಾಗಿ, ಮೆತ್ತಗೆ, ಬಾಳೆಯ ಸುಳಿಯಂತೆ ಇಳಿಬೀಳುತ್ತದೆ. ಕೂಡಲೇ ಅದರ ಎರಡೂ ಕಡೆಯಿಂದ ಅಲ್ಯೂಮಿನಿಯಮ್ಮಿನ ಅಚ್ಚಿನ ಎರಡು ಹೋಳುಗಳನ್ನು ಮುಚ್ಚಿ, ಕಾಲಲ್ಲಿ ಪೆಡಲು ಒತ್ತಬೇಕು. ಗಾಳಿ ನುಗ್ಗಿ, ಮೆತ್ತನೆಯ ಕೊಳವೆ ಉಬ್ಬಿ, ಅಚ್ಚಿನ ಗೋಡೆಗೆ ಅಂಟಿ ನಿಲ್ಲುತ್ತದೆ. ಅಚ್ಚಿನೊಳಗೆ ತಣ್ಣೀರು ಹರಿಯುವುದರಿಂದ ಅಲ್ಲೇ ಗಟ್ಟಿಯಾಗುತ್ತದೆ. ಮುದ್ದೆಯ ಎರಡು ತುತ್ತು ನುಂಗುವಷ್ಟು ಹೊತ್ತು ಕಾಯಬೇಕು ಎಂದು ಅತ್ತೆ ಹೇಳುತ್ತಿದ್ದಳು. ಅಚ್ಚು ತೆರೆದರೆ ಬಾಟಲಿ. ಬುಡದಲ್ಲಿ ಒಂದು ಬಾಲ, ಕತ್ತಿನಲ್ಲಿ ಒಂದು ಅಂಚು ಉಳಿದಿರುತ್ತದೆ. ಅವನ್ನು ಚಾಕುವಿನಿಂದ ಕತ್ತರಿಸಿ, ಆ ತುಂಡುಗಳನ್ನು ಚೂರು ಮಾಡಿ ಮತ್ತೆ ಬಾನಿಗೆ ಹಾಕಬೇಕು. ಕೊಳವೆ ಇಳಿದ ಮೇಲೆ ಅಚ್ಚು ಮುಚ್ಚಲು ತಡಮಾಡಿದರೆ ತನ್ನ ಭಾರಕ್ಕೇ ಅದು ಜಗ್ಗಿ, ಬಾಟಲಿಯ ಬುಡ ದಪ್ಪವಾಗಿ ಹೆಗಲು ತೆಳುವಾಗುತ್ತದೆ, ಅಲ್ಲಿ ಸೋರುತ್ತದೆ. ಇಷ್ಟನ್ನೂ ನಾನು ಮೊದಲ ವಾರದಲ್ಲೇ ಕಲಿತೆ, ಮಗ್ಗಿಗಿಂತ ಬೇಗ.

ಅತ್ತೆಗೆ ಸಿಕ್ಕ ಮೊದಲ ಗಿರಾಕಿ ತಿಪಟೂರಿನಲ್ಲಿ ಎಣ್ಣೆ ಗಾಣ ಇಟ್ಟಿದ್ದ ರುದ್ರಪ್ಪನವರು. ಕೊಬ್ಬರಿ ಎಣ್ಣೆ ತುಂಬಲು ಎರಡು ಚೀಲ ಬಾಟಲಿ ಬೇಕು, ಶುಕ್ರವಾರ ಸಂಜೆ ತಾನೇ ಬಂದು ನೋಡಿ ಒಯ್ಯುತ್ತೇನೆ ಎಂದಿದ್ದರು. ಅದೇ ಹೊತ್ತಿಗೆ ತುರುವೇಕೆರೆಯಿಂದ ಮೈದುನ ಹೇಳಿಕಳಿಸಿದ್ದ, ಭಾನುವಾರ ಅತ್ತಿಗೆಯನ್ನು ಕರೆದುಕೊಂಡು ಹೋಗಲು ಬರುತ್ತೇನೆ ಎಂದು. ಎರಡನ್ನೂ ಕೇಳಿ ಅಜ್ಜಿ ತೀರ್ಮಾನ ಹೇಳಿದ್ದಳು.

"ರುದ್ರಪ್ಪ ಮಾಲು ಒಪ್ಪಿದ್ರೆ ಆಮೇಲಿನ ಮಾತು ನೋಡಾನ. ಒಪ್ಪದೆ ಹೋದ್ರೆ ಈ ಕಬ್ಬಿಣ ಕಿಬ್ಬನಹಳ್ಳಿ ಗುಜರಿಯೋನಿಗೆ. ನೀನು ಭಾನ್ವಾರ ಮೈದ್ನನ ಜೊತೆ ಹೊರಡು."

ಅಜ್ಜಿ ಕಟುಕಳಾಗಿರಲಿಲ್ಲ. ಕರೆಂಟು, ಬೆಂಕಿ, ಗಾಳಿ ಮೂರೂ ಒಟ್ಟಿಗಿದ್ದ ಆ ಯಂತ್ರದ ಮುಂದೆ ಮಗಳು ಒಬ್ಬಳೇ ನಿಲ್ಲುವುದನ್ನು ಕಂಡರೆ ಅವಳಿಗೆ ಜೀವ ಹಾರುತ್ತಿತ್ತು. ತನ್ನ ಕಾಲ ಮುಗಿದ ಮೇಲೆ ಇವಳನ್ನು ಯಾರು ನೋಡುತ್ತಾರೆಂಬ ಚಿಂತೆ ಬೇರೆ. ಮೈದುನನ ಮನೆಯಲ್ಲಿ ಕೊನೆಯ ಪಕ್ಷ ಹತ್ತು ಜನ ಇದ್ದಾರೆ ಎಂದು ಲೆಕ್ಕ ಹಾಕಿದ್ದಳು. ಅತ್ತೆ ಹಗಲೆಲ್ಲ ಬಾಟಲಿ ಮಾಡಿದಳು. ಎರಡು ಚೀಲ ತುಂಬಿ, ಬಾಯಿ ಕಟ್ಟಿ, ಮೂಲೆಯಲ್ಲಿ ಒರಗಿಸಿಟ್ಟು ತುಮಕೂರಿಗೆ ಹೋಗಿದ್ದಳು. ಆ ಚೀಲಗಳೇ ಈಗ ಅಟ್ಟದಲ್ಲಿದ್ದವು.

ಅವತ್ತು ಹಾಲು ಕರೆದು ಮುಗಿಸಿ, ಚೊಂಬು ಹಿಡಿದುಕೊಂಡು ತಡಿಕೆಯ ಆಚೆಯಿಂದ ಬಂದ ಅಜ್ಜಿಯ ಮುಖದಲ್ಲಿ ಸಮಾಧಾನವಿತ್ತು.

"ಎದ್ದಾ? ನಿನ್ನ ಮಾಲು ಮ್ಯಾಲೈತೆ. ನಾಕು ರಾತ್ರಿ ಮಲಗೈತೆ. ಸಂಜೆಗೆ ಪೂಜೆ ಮಾಡಿ ಇಳ್ಸಾನ."

ಆ ಮಾತಿನಲ್ಲಿದ್ದದ್ದನ್ನು ನಾನು ದೊಡ್ಡವಳಾದ ಮೇಲೆ ಅರ್ಥ ಮಾಡಿಕೊಂಡೆ. ಅಜ್ಜಿ ಆ ಬಾಟಲಿಗಳನ್ನು ಕೊಬ್ಬರಿಯ ಸಾಲಿಗೆ ಸೇರಿಸಿದ್ದಳು. ಬಾಯಲ್ಲಿ ಗುಜರಿ ಎನ್ನುತ್ತಿದ್ದವಳು, ಮಗಳಿಗೆ ಒಳ್ಳೆಯದಾಗಲೆಂದು ಆಳು ಕರೆಸಿ, ಕಾಯಿ ಸರಿಸಿ ಜಾಗ ಮಾಡಿ, ನಡು ಅಟ್ಟದಲ್ಲಿ ಮೆರೆಸಿದ್ದಳು. ಅತ್ತೆಗೆ ಅದು ಆಗಲೇ ಅರ್ಥವಾಗಿರಬೇಕು, ಅದಕ್ಕೇ ಅವಳಿಗೆ ಕೂಗಾಡಲು ಆಗಲಿಲ್ಲ. ಏಣಿ ಹತ್ತಿ ಎರಡೂ ಚೀಲ ಇಳಿಸಿ ಗೋಡೆಗೆ ಒರಗಿಸಿ, ಒಂದರ ಬಾಯಿ ಬಿಚ್ಚಿ, ಒಂದು ಬಾಟಲಿ ತೆಗೆದು ಮೂಸಿದಳು. ಮುಖ ಬಿಗಿಯಿತು. ಎರಡನೆಯದನ್ನು ಮೂಸಿದಳು. ಆಮೇಲೆ ಚೀಲದ ತಳದಿಂದ ಒಂದನ್ನು ಎಳೆದಳು.

"ಅವ್ವ, ಹೊಗೆ ಹಿಡ್ದೈತೆ."

"ಎಲ್ಲೈತೆ ಹೊಗೆ?" ಅಜ್ಜಿ ಬಾಟಲಿಯನ್ನು ಕಿತ್ತುಕೊಂಡು ಮೂಗಿಗೆ ಹಿಡಿದಳು. "ಏನೂ ಇಲ್ಲ. ಮಾದೇವಾ, ನೋಡ್ಲಾ ಇದ್ನ."

ಅಪ್ಪ ತಲೆಗೆ ಟವೆಲು ಸುತ್ತಿಕೊಳ್ಳುತ್ತ ಬಂದು ಮೂಸಿದ. "ಪ್ಲಾಸ್ಟಿಕ್ ವಾಸ್ನೆ ಐತೆ. ಇನ್ನೇನಿಲ್ಲ."

"ಗಂಗಾ, ನೀನೂ ನೋಡು" ಎಂದಾಗ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಮೂಸಿದಳು. ಅವಳಿಗೆ ಅದೂ ತಿಳಿಯಲಿಲ್ಲ. ನಾನೂ ಮೂಸಿದೆ. ನಿಜ ಹೇಳಬೇಕೆಂದರೆ ಅದು ನಮ್ಮ ಮನೆಯಂತೆಯೇ ಇತ್ತು.

"ನೀವೆಲ್ಲ ಹೊಗೇಲೇ ಹುಟ್ಟಿ ಹೊಗೇಲೇ ಬೆಳ್ದೋರು. ನಿಮ್ಮ ಮೂಗಿಗೆ ಹೆಂಗೆ ಗೊತ್ತಾಗ್ಬೇಕು?" ಎಂದಳು ಅತ್ತೆ.

"ನೀನೆಲ್ಲಿ ಹುಟ್ಟಿದ್ದೆ, ಮೈಸೂರು ಅರಮನೇಲಾ?"

"ಹೋಗಿ ಇದ್ದು ಬಂದಿವ್ನಿ ಕಣವ್ವ. ಹೊರಗಿನ ಗಾಳಿ ಕುಡ್ದಿವ್ನಿ. ಈ ಬಾಟ್ಲಿಗೆ ಎಣ್ಣೆ ತುಂಬಿದ್ರೆ ಎಣ್ಣೆನೂ ಹೊಗೆ ನಾರ್ತೈತೆ. ಅದ್ನ ತಲೆಗೆ ಹಚ್ಕಂಡ ಹೆಂಗಸ್ರು ಬಚ್ಚಲ ಒಲೆ ಊದಿ ಬಂದಂಗಿರ್ತಾರೆ."

"ಅಂದ್ರೆ ನಾನು ಕೆಡಿಸ್ದೆ ಅಂತೀಯ."

 ಅತ್ತೆ ಹೌದೆಂದಿದ್ದರೆ ಆ ಜಗಳ ನಮ್ಮ ಮನೆಯ ಉಳಿದ ಜಗಳಗಳಂತೆ ಮಧ್ಯಾಹ್ನದವರೆಗೆ ನಡೆದು, ಮಜ್ಜಿಗೆ ಕುಡಿಯುವ ಹೊತ್ತಿಗೆ ನಿಲ್ಲುತ್ತಿತ್ತು. ಅದರ ಬದಲು ಅವಳು ಬಚ್ಚಲಿನಿಂದ ಬಿಸಿನೀರು ತಂದು ಎರಡು ಬಾಟಲಿಗೆ ತುಂಬಿ, ತುಮಕೂರಿನಿಂದ ತಂದ ಮುಚ್ಚಳ ಬಿಗಿದು, ನಡುಮನೆಯ ಕಂಬದ ಬಳಿ ಇಟ್ಟಳು.  ಎಲ್ಲರೂ ಸಾಲಾಗಿ ಕುಳಿತು ತಿಂಡಿ ತಿಂದೆವು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಯಾರೂ ಎರಡನೆಯ ರೊಟ್ಟಿ ಕೇಳಲಿಲ್ಲ. ನೀರು ಆರಿದ ಮೇಲೆ ಅತ್ತೆ ಒಂದು ಬಾಟಲಿಯ ನೀರನ್ನು ಲೋಟಕ್ಕೆ ಬಗ್ಗಿಸಿ ಅಜ್ಜಿಯ ಮುಂದಿಟ್ಟಳು.

"ಕುಡಿ ಅವ್ವ."

ಅಜ್ಜಿ ಲೋಟ ಎತ್ತಿ, ತುಟಿಗೆ ತಾಗಿಸದೆ, ಯಾವಾಗಲೂ ಕುಡಿಯುವಂತೆ ಮೇಲಿನಿಂದ ಬಾಯಿಗೆ ಬಿಟ್ಟುಕೊಂಡಳು. ಒಂದು ಗುಟುಕಿಗೆ ನಿಂತಳು. ಉಗುಳುತ್ತಾಳೆ ಎಂದುಕೊಂಡೆ. ಉಗುಳಲಿಲ್ಲ. ಕಣ್ಣು ಮುಚ್ಚಿ ಉಳಿದದ್ದನ್ನೂ ಕುಡಿದು, ಲೋಟ ಬೋರಲಿಟ್ಟಳು. ಕಷಾಯ ಕುಡಿದಾಗಲೂ ಅವಳ ಮುಖ ಹಾಗಾದದ್ದನ್ನು ನಾನು ನೋಡಿರಲಿಲ್ಲ. ಮೂಗಿಗೆ ತಿಳಿಯದ್ದು ನಾಲಿಗೆಗೆ ತಿಳಿದಿತ್ತು. ಸೆರಗಿನಿಂದ ಬಾಯೊರೆಸಿಕೊಂಡು ಕೇಳಿದಳು:

"ಆ ಮಷೀನು ಕಾಯಾಕೆ ಎಷ್ಟೊತ್ತು ಬೇಕು?"

"ಮುಕ್ಕಾಲು ಗಂಟೆ."

"ಕಾಳು ಐತಾ?"

"ಒಂದು ಮೂಟೆ ಐತೆ. ಎರಡು ಚೀಲಕ್ಕೆ ಸಾಕು. ಹೊತ್ತು ಸಾಲಲ್ಲ."

"ಮಾದೇವಾ, ಇವತ್ತು ತೋಟಕ್ಕೆ ಹೋಗ್ಬ್ಯಾಡ. ಗಂಗಾ, ಅಡಿಗೆ ಮುದ್ದೆ ಹುರುಳಿಸಾರು ಅಷ್ಟೇ ಸಾಕು. ಲಲ್ತಿ, ಇಸ್ಕೂಲು ಬ್ಯಾಡ."

ಈ ಕೊನೆಯ ಮಾತು ಕೇಳಿ ನಾನು ಬೆರಗಾದೆ. ಮೈ ಸುಡುವ ಜ್ವರವಿದ್ದರೂ ಹಣೆಗೆ ವಿಭೂತಿ ಹಚ್ಚಿ ಶಾಲೆಗೆ ಅಟ್ಟುತ್ತಿದ್ದ ಅಜ್ಜಿಯ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ.

ಕಾಯಿ ಸುಲಿಸುವ ದಿನ ಆಳುಗಳನ್ನು ಕೂರಿಸುವಂತೆ ಅಜ್ಜಿ ನಮ್ಮನ್ನು ಕೂರಿಸಿದಳು. ಹಿಡಿ ಎಳೆಯುವುದು ಅಪ್ಪ. ಅಚ್ಚು ಮುಚ್ಚಿ ತೆರೆಯುವುದು, ಗಾಳಿ ಬಿಡುವುದು ಅತ್ತೆ. ಬಾಲ ಕತ್ತರಿಸುವುದು ಅಮ್ಮ. ಕತ್ತರಿಸಿದ ಬಾಟಲಿಯನ್ನು ನಾನು ಬುಟ್ಟಿಯಲ್ಲಿ ಒಯ್ದು ಅಜ್ಜಿಗೆ ಕೊಡಬೇಕು. ಅಜ್ಜಿ ಎಮ್ಮೆಗೆ ನೀರಿಡುವ ಕಲ್ಲುಬಾನಿಯನ್ನು ತೊಳೆಸಿ, ಹೊಸ ನೀರು ತುಂಬಿಸಿಕೊಂಡು, ಮಣೆ ಹಾಕಿ ಕುಳಿತಿದ್ದಳು. ಬಾಟಲಿಯ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿ, ನೀರಲ್ಲಿ ಮುಳುಗಿಸಿ, ಹಿಸುಕುವುದು. ಗುಳ್ಳೆ ಬಂದರೆ ತೂತು. ಅರಿಶಿನದ ಕೈ ಅದ್ದಿದ್ದರಿಂದ ಬಾನಿಯ ನೀರು ಹಳದಿಯಾಯಿತು. ಅತ್ತೆ ಅದನ್ನು ನೋಡಿ ನೀರು ಬದಲಾಯಿಸಿದಳು. ಅಜ್ಜಿ ಎದ್ದುಹೋಗಿ ಬೂದಿಯಲ್ಲಿ ಕೈ ಉಜ್ಜಿಕೊಂಡು ಬಂದು ಕುಳಿತಳು.

ಮೊದಮೊದಲು ಏನೂ ಸರಿಹೋಗಲಿಲ್ಲ. ಅಪ್ಪ ಹಿಡಿಯನ್ನು ಜೋರಾಗಿ ಎಳೆದು, ಕೊಳವೆ ಪಸಕ್ಕನೆ ಅಡಿಯವರೆಗೆ ಇಳಿದು ಹಲಗೆಗೆ ಮೆತ್ತಿಕೊಂಡಿತು.

"ಅಣ್ಣ, ಬಾವಿಯಿಂದ ನೀರು ಸೇದ್ತಿದ್ದೀಯಾ? ಮೆತ್ತಗೆ ಕಣಣ್ಣ, ಹಸುಗೂಸಿಗೆ ಹಾಲು ಕುಡಿಸ್ದಂಗೆ."

"ಹಸುಗೂಸಿಗೆ ಹಾಲು ಕುಡಿಸಿದ್ದು ನಾನಲ್ಲ, ನಿಮ್ಮತ್ತಿಗೆ. ಅವಳ್ನೇ ನಿಲ್ಲಿಸ್ಕೊ."

"ನಿಂತ್ಕಂತೀನಿ ಬಿಡಿ, ನೀವು ಬಾಲ ಕತ್ತರ್ಸಿ" ಎಂದಳು ಅಮ್ಮ, ಚಾಕು ಚಾಚಿ. ಅಪ್ಪ ಚಾಕು ನೋಡಿ ಹಿಡಿಯನ್ನೇ ಮೆತ್ತಗೆ ಎಳೆಯುವುದು ಕಲಿತ.

ಹತ್ತು ಗಂಟೆಯ ಹೊತ್ತಿಗೆ ಕೆಲಸಕ್ಕೊಂದು ಲಯ ಬಂತು. ಹಿಡಿ ಇಳಿಯುವ ಕಿರ್, ಅಚ್ಚು ಕೂಡುವ ಟಕ್, ಗಾಳಿಯ ಸುಯ್, ಬುಟ್ಟಿಗೆ ಬಾಟಲಿ ಬೀಳುವ ಟೊಳ್ಳು ಸದ್ದು. ಬಿಸಿಬಿಸಿ ಬಾಟಲಿಯನ್ನು ಮುಟ್ಟಿದರೆ ಮಲಗಿದ್ದವರು ಆಗ ತಾನೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿರುತ್ತಿತ್ತು. ಅಜ್ಜಿಯ ತಪಾಸಣೆ ಅತ್ತೆಗಿಂತ ಕಟ್ಟುನಿಟ್ಟಾಗಿತ್ತು. ಕಣ್ಣಿಗೆ ಕಾಣುವ ಪ್ರತಿ ಗುಳ್ಳೆಗೂ ಬಾಟಲಿ ಆಚೆಗೆ ಹೋಗುತ್ತಿತ್ತು.

"ಅವ್ವ, ಅದು ಸೋರ್ತಿಲ್ಲ. ನಿನ್ನ ಹೆಬ್ಬೆಟ್ಟಿನ ಸಂದಿಂದ ಬಂದ ಗುಳ್ಳೆ ಅದು."

"ಎಲ್ಲಿಂದಾದ್ರೂ ಬರ್ಲಿ. ಬಂತಾ ಇಲ್ವಾ?"

"ಹಿಂಗೆ ತೆಗೆದ್ರೆ ಒಂದೂ ಉಳಿಯಲ್ಲ."

"ಉಳೀದಿದ್ರೆ ಉಳೀದೆ ಹೋಗ್ಲಿ. ಇನ್ನೊಂದು ಸಲ ನನ್ನಿಂದ ಕೆಟ್ಟಿದ್ದು ಅಂತ ಆಗ್ಬಾರ್ದು."

 ನಾಲ್ಕು ಬಾಟಲಿ ಆದ ಮೇಲೆ ಅತ್ತೆ ಅಚ್ಚು ಬಿಟ್ಟು ಬಂದು, ಅಜ್ಜಿಯ ಹೆಬ್ಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಬಾಟಲಿಯ ಬಾಯಿಯ ಮೇಲೆ ಸರಿಯಾಗಿ ಕೂರಿಸಿ ತೋರಿಸಿದಳು. ಗುಳ್ಳೆ ನಿಂತವು. ಅಜ್ಜಿ ಆಚೆಗೆ ಹಾಕಿದ್ದನ್ನೆಲ್ಲ ಮತ್ತೆ ತರಿಸಿ, ಒಂದೊಂದನ್ನೂ ಮುಳುಗಿಸಿ ನೋಡಿದಳು.

ಮಧ್ಯಾಹ್ನ ಕರೆಂಟು ಹೋಯಿತು. ಕೊಳವೆಯೊಳಗಿನ ಪಾಕ ಹೆಪ್ಪುಗಟ್ಟಿತು. ಅತ್ತೆ ಮಷೀನಿನ ಪಕ್ಕದಿಂದ ಅಲುಗಲಿಲ್ಲ. ಅಮ್ಮ ಮುದ್ದೆಯನ್ನು ಅಲ್ಲಿಗೇ ತಂದು ಕೊಟ್ಟಳು. ಊಟ ನಡುಮನೆಯಲ್ಲಿ ಮಾತ್ರ ಎನ್ನುವ ಅಜ್ಜಿ ತಾನೂ ಮಣೆಯ ಮೇಲೆ ಕೂತಲ್ಲೇ ಉಂಡಳು. ಗರಿಯ ತಡಿಕೆಯ ಸಂದಿಯಿಂದ ಎಮ್ಮೆ ನಮ್ಮ ತಟ್ಟೆಗಳನ್ನು ನೋಡುತ್ತಿತ್ತು. ಕರೆಂಟು ಬಂದು, ಮತ್ತೆ ಕಾದು, ಮತ್ತೆ ಶುರುವಾಗುವ ಹೊತ್ತಿಗೆ ಬಿಸಿಲು ವಾಲಿತ್ತು. ಒಂದು ಚೀಲ ತುಂಬಿ, ಎರಡನೆಯದರ ತಳದಲ್ಲಿ ಕೆಲವು ಬಾಟಲಿ ಬೀಳುವಷ್ಟರಲ್ಲಿ ದಾರಿಯಲ್ಲಿ ರುದ್ರಪ್ಪನವರ ವ್ಯಾನಿನ ಹಾರನ್ನು ಕೇಳಿಸಿತು.

ರುದ್ರಪ್ಪನವರು ದಪ್ಪಗೆ, ಬೆಳ್ಳಗೆ, ಎಣ್ಣೆ ಪಸೆಯ ಅಂಗಿಯಲ್ಲಿ ಬಂದು ಜಗಲಿಯ ಮೇಲೆ ಕುಳಿತರು. ಅತ್ತೆ ಹೊಸ ಚೀಲ ಬಿಚ್ಚಿದಳು. ಅವರು ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು, ಹಿಸುಕಿ, ಮುಚ್ಚಳ ತಿರುಗಿಸಿ ನೋಡಿ, "ಚೆನ್ನಾಗೈತೆ ಕಣಮ್ಮ" ಎಂದರು. ಆಮೇಲೆ ಸುತ್ತ ನೋಡಿದರು.

"ಇನ್ನೊಂದು ಚೀಲ?"

"ಆಗ್ಲಿಲ್ಲ ಅಣ್ಣಾರೆ. ವಾರದೊಳಗೆ ಕೊಡ್ತೀನಿ."

"ಏನಮ್ಮ ಇದು, ಎರಡು ಅಂದ್ರೆ ಎರಡು. ಅರ್ಧ ತಗಂಡ್ಹೋಗಿ ನಾನೇನ್ ಮಾಡ್ಲಿ? ಅಲ್ಲೇ ಎರಡು ಚೀಲ ಒರಗ್ಸಿದೀರಲ್ಲ, ಅವೇನು?"

"ಅವು ಕೆಟ್ಟಿದ್ದಾವೆ. ಹೊಗೆ ಹಿಡಿದವೆ."

ರುದ್ರಪ್ಪನವರು ಎದ್ದುಹೋಗಿ ಆ ಚೀಲದಿಂದ ಒಂದನ್ನು ತೆಗೆದು ಮೂಸಿದರು. ಅವರೂ ನಮ್ಮ ಸೀಮೆಯವರೇ, ಕೊಬ್ಬರಿ ಅಟ್ಟದ ಕೆಳಗೇ ಬೆಳೆದವರು. "ಎಲ್ಲಮ್ಮ ಹೊಗೆ? ಒಳ್ಳೇ ಬಾಟ್ಲಿ. ಇದ್ರಾಗೆ ಒಂದು ಚೀಲ ಹಾಕು, ಎರಡಾಯ್ತು. ಇಲ್ಲಾಂದ್ರೆ ನಾನು ಬೇರೆ ಕಡೆ ನೋಡ್ಕಂತೀನಿ."

ಅತ್ತ ನೋಡಿದರೆ ಭಾನುವಾರ, ಇತ್ತ ನೋಡಿದರೆ ಹೊಗೆ ಬಾಟಲಿ. ಅತ್ತೆ ಆ ಹೊಗೆಯ ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.  ಹ್ಞೂಂ ಎಂದರೆ ಸಾಕಿತ್ತು, ಮಾಲು ಒಪ್ಪಿದಂತೆ ಆಗುತ್ತಿತ್ತು, ಅಜ್ಜಿಯ ಷರತ್ತೂ ತೀರುತ್ತಿತ್ತು. ಆ ಹೊತ್ತಿಗೆ ಅಜ್ಜಿ ಒಳಗಿನಿಂದ ಬಂದಳು. ಒಂದು ಕೈಯಲ್ಲಿ ಬೆಲ್ಲದ ತಟ್ಟೆ, ಇನ್ನೊಂದರಲ್ಲಿ ಲೋಟ. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮಲ್ಲಿ ವಾಡಿಕೆ.

"ಮೊದ್ಲು ನೀರು ಕುಡಿಯಪ್ಪ. ಮಾತು ಆಮೇಲೆ."

ರುದ್ರಪ್ಪನವರು ಬೆಲ್ಲ ಬಾಯಿಗೆಸೆದುಕೊಂಡು, ನೀರನ್ನು ಒಂದೇ ಸಲ ಎತ್ತಿ ಸುರಿದುಕೊಂಡರು. ಮರುಗಳಿಗೆ ಅಂಗಳದ ಮೂಲೆಗೆ ಓಡಿ ಉಗುಳಿದರು.

"ಏನಜ್ಜಿ ಇದು, ಒಲೆ ತೊಳೆದ ನೀರಾ?"

"ಬೆಳಿಗ್ಗೆಯಿಂದ ಆ ಬಾಟ್ಲೀಲಿ ಇಟ್ಟಿದ್ದ ನೀರು."

"ಇದನ್ನ ನನಗೆ ಕೊಡ್ತಿದ್ರಾ!"

"ಕೊಡಲ್ಲ ಅಂತ ತಾನೇ ಆಗಿಂದ ಅವಳು ಒದ್ದಾಡ್ತಿರೋದು? ನಾನು ಅಟ್ಟಕ್ಕಿಟ್ಟು ಕೆಡಿಸ್ದೆ. ಅವಳದ್ದೇನೂ ತಪ್ಪಿಲ್ಲ. ಒಂದು ಚೀಲ ತಗಂಡ್ಹೋಗು. ಇನ್ನೊಂದು ಮುಂದಿನ ಶುಕ್ರವಾರ. ಬ್ಯಾಡ ಅಂದ್ರೆ ಬುಡು, ಬೇರೆ ಗಾಣ ಇಲ್ವಾ?"

ರುದ್ರಪ್ಪನವರು ಬಾಯಿ ಮುಕ್ಕಳಿಸಿದರು. ಇನ್ನೊಂದು ಚೂರು ಬೆಲ್ಲ ಕೇಳಿ ತಿಂದರು. ಆಮೇಲೆ ಅಜ್ಜಿಯನ್ನು ಬಿಟ್ಟು ಅತ್ತೆಯ ಕಡೆ ತಿರುಗಿ, "ಶುಕ್ರವಾರ ತಪ್ಪಿಸ್ಬ್ಯಾಡಮ್ಮ. ಫಿನಾಯಿಲ್ ಮಾಡೋನೊಬ್ಬ ಅವ್ನೆ, ಆ ಹೊಗೆ ಬಾಟ್ಲಿ ತಗಳಾಕೆ ಅವನ್ನ ಕಳಿಸ್ತೀನಿ. ಅವನಿಗೆ ಯಾವ ವಾಸ್ನೆ ಆದ್ರೇನು" ಎಂದರು. ಅಪ್ಪ ಚೀಲವನ್ನು ವ್ಯಾನಿಗೆ ಹೊತ್ತು ಹಾಕಿದ. ವ್ಯಾನು ತೋಟದ ದಾರಿಯಲ್ಲಿ ಮರೆಯಾಗುವವರೆಗೆ ಅತ್ತೆ ಅಂಗಳದಲ್ಲೇ ನಿಂತಿದ್ದಳು.

ಹೊತ್ತು ಇಳಿದಿತ್ತು, ಆದರೆ ದೀಪ ಹಚ್ಚುವಷ್ಟು ಕತ್ತಲಾಗಿರಲಿಲ್ಲ. ಕೊಳವೆಯೊಳಗೆ ಇನ್ನೂ ಸ್ವಲ್ಪ ಪಾಕ ಉಳಿದಿತ್ತು. ಅದನ್ನು ಖಾಲಿ ಮಾಡಿಯೇ ಸ್ವಿಚ್ಚು ಆರಿಸಬೇಕೆಂದು ಅತ್ತೆ ಕೊಟ್ಟಿಗೆಗೆ ಬಂದಳು. ನಾನು ಕಸಬರಿಕೆ ಹಿಡಿದು ಬಂದೆ. ನಮ್ಮ ಹಿಂದೆಯೇ ಅಜ್ಜಿ ಬಂದು ಮಷೀನಿನ ಮುಂದೆ ನಿಂತಳು.

"ಸರೀ ಅತ್ಲಾಗೆ."

"ಯಾಕವ್ವ?"

"ನಾನೂ ಒಂದು ಮಾಡಿ ನೋಡ್ತೀನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿ ಎಳೆದಳು. ಅಪ್ಪನಿಗಿಂತ ಮೆತ್ತಗೆ, ಸರಿಯಾಗಿ. ಕೊಳವೆ ಇಳಿಯಿತು. ಅದನ್ನು ಅಷ್ಟು ಹತ್ತಿರದಿಂದ ಅವಳು ಮೊದಲ ಸಲ ನೋಡುತ್ತಿದ್ದಳು. ಬಗ್ಗಿ, ಎಡಕ್ಕೂ ಬಲಕ್ಕೂ ತಲೆ ಹೊರಳಿಸಿ ನೋಡಿದಳು. "ಮುಚ್ಚು ಅವ್ವ, ಬೇಗ ಮುಚ್ಚು" ಎಂದು ಅತ್ತೆ ಕೂಗಿದ ಮೇಲೆ ಅಚ್ಚು ಮುಚ್ಚಿದಳು. ಪೆಡಲು ಒತ್ತಿದಳು. ಮುದ್ದೆಯ ಎರಡು ತುತ್ತಿನಷ್ಟು ಹೊತ್ತು ನಿಜವಾಗಿಯೂ ಉಗುಳು ನುಂಗಿ ಕಾದಳು. ತೆರೆದಾಗ ಬಾಟಲಿ ನೋಡಲು ಚೆನ್ನಾಗಿಯೇ ಇತ್ತು. ಅದರ ಬಾಲವನ್ನೂ ಅವಳೇ ಕತ್ತರಿಸಿದಳು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನಕ್ಕಳು. ಆ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಅಜ್ಜಿ ನಗಲಿಲ್ಲ. ಬಾಟಲಿಯನ್ನು ಕಿತ್ತುಕೊಂಡು, ಹೆಬ್ಬೆರಳು ಸರಿಯಾಗಿ ಕೂರಿಸಿ, ಕಲ್ಲುಬಾನಿಯಲ್ಲಿ ಮುಳುಗಿಸಿ ಹಿಸುಕಿದಳು. ಹೆಗಲಿನಿಂದ ಸಾಲಾಗಿ ಗುಳ್ಳೆ ಎದ್ದವು.

"ಸೋರ್ತೈತೆ. ಕತ್ತರ್ಸು."

"ಇರ್ಲಿ ಬುಡವ್ವ. ನೀನು ಮಾಡಿದ ಮೊದಲ್ನೇದು. ಗೂಡಿನಾಗೆ ಇಡ್ತೀನಿ."

"ಸೋರೋದ್ನ ಇಟ್ಕಂಡು ಪೂಜೆ ಮಾಡ್ತೀಯಾ? ಕತ್ತರ್ಸು ಅಂದೆ. ನಾಳೆ ಹಾಲು ಕರೆದ್ಮೇಲೆ ಇನ್ನೊಂದು ಮಾಡ್ತೀನಿ. ಭಾನ್ವಾರನೂ ಮಾಡ್ತೀನಿ. ನಿನ್ನ ಮೈದ್ನ ಬಂದ್ರೆ ಊಟ ಹಾಕಾನ, ಉಂಡು ಇಲ್ಲೇ ಕೂತು ನೋಡ್ಲಿ."

ಅತ್ತೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ಬಾನಿಯ ನೀರು ಚೆಲ್ಲುವುದರಲ್ಲಿದ್ದಳು. ಅತ್ತೆ ಚಾಕು ತೆಗೆದುಕೊಂಡು ಬಾಟಲಿಯನ್ನು ಉದ್ದಕ್ಕೆ ಸೀಳಿ, ಸಣ್ಣ ಸಣ್ಣ ಚೂರು ಮಾಡಿದಳು. ನಾನು ಚೂರುಗಳನ್ನು ಗುಡಿಸಿ ನಾಳೆಯ ಕಾಳಿನ ಡಬ್ಬಕ್ಕೆ ಸುರಿದೆ. ಅತ್ತೆ ಸ್ವಿಚ್ಚು ಆರಿಸಿದಳು. ಅಜ್ಜಿ ಎಮ್ಮೆಗೆ ಬಾನಿ ತುಂಬಾ ನೀರಿಟ್ಟು, ಕೊಟ್ಟಿಗೆಯ ಬಾಗಿಲು ಹಾಕಿದಳು.